ಮಗ ಇದೇ ಕ್ಲಬ್‌ನಲ್ಲಿ ಇರಬೇಕಾ, ಬಿಡಬೇಕಾ? ಫುಟಿ (ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್) ಆಡಿದವರು, ಆಡಿಸಿದವರು ಅನುಭವ ಹೇಳಿ

ನಮಸ್ಕಾರ. ನಾವು ಮೈಸೂರಿನವರು. ಮೆಲ್ಬರ್ನ್‌ನ ಪಶ್ಚಿಮಕ್ಕೆ, ಟಾರ್ನೀಟ್‌ಗೆ ಬಂದು 14 ವರ್ಷ ಆಯಿತು. ಮಗನಿಗೆ ಈಗ 19. ಅವರಪ್ಪ ಆಸೆಯಿಂದ ಕ್ರಿಕೆಟ್ ಬ್ಯಾಟ್ ತಂದುಕೊಟ್ಟರೆ ಇವನು ಕೈಗೆತ್ತಿಕೊಂಡಿದ್ದು ಫುಟಿಯ ಶೆರಿನ್ ಚೆಂಡು. ಆಸ್‌ಕಿಕ್‌ನ ಚಿಕ್ಕ ಮಕ್ಕಳ ಗುಂಪಿನಿಂದ ಇವತ್ತಿನವರೆಗೂ ಒಂದೇ ಕ್ಲಬ್. ಹೋದ ವರ್ಷ ಅಂಡರ್-19 ತಂಡದ ಬೆಸ್ಟ್ ಅಂಡ್ ಫೇರೆಸ್ಟ್‌ನಲ್ಲಿ (ವರ್ಷದ ಉತ್ತಮ ಆಟಗಾರ ಪ್ರಶಸ್ತಿ) ಎರಡನೆಯವನಾಗಿ ಬಂದ. ಈ ವರ್ಷ ಸೀನಿಯರ್ಸ್‌ಗೆ, ಅಂದರೆ ಕ್ಲಬ್‌ನ ಮುಖ್ಯ ತಂಡಕ್ಕೆ ತಗೊಂಡರು. ವಿಂಗ್‌ನಲ್ಲಿ (ಮೈದಾನದ ಮಧ್ಯಭಾಗದ ಅಂಚಿನಲ್ಲಿ) ನಾಲ್ಕು ಮ್ಯಾಚ್ ಆಡಿದ. ಮೇ ತಿಂಗಳಲ್ಲಿ ಎದುರಾಳಿಯ ಮೊಣಕಾಲು ತಲೆಗೆ ಬಡಿದು ಕನ್ಕಷನ್ (ಮಿದುಳಿಗೆ ಪೆಟ್ಟು) ಆಯಿತು. ನಿಯಮದ ಪ್ರಕಾರ ಕನಿಷ್ಠ 21 ದಿನ ಆಟ ಇಲ್ಲ. ವಾಪಸ್ ಹೋಗುವಷ್ಟರಲ್ಲಿ ವಿಂಗ್‌ನಲ್ಲಿ ಬೇರೆ ಹುಡುಗ ಕೂತಿದ್ದ. ಅಲ್ಲಿಂದ ಸೀಸನ್ ಮುಗಿಯುವವರೆಗೂ ಇವನಿಗೆ ರಿಸರ್ವ್ಸ್, ಅಂದರೆ ಎರಡನೇ ತಂಡ. ಅದೂ ಬ್ಯಾಕ್ ಪಾಕೆಟ್, ನಮ್ಮ ಗೋಲ್ ಪಕ್ಕ ನಿಲ್ಲುವ ಡಿಫೆಂಡರ್ ಜಾಗ.

ಈಗ ಗೀಲಾಂಗ್ ಕಡೆಯ ಇನ್ನೊಂದು ಕ್ಲಬ್‌ನವರು ಕರೆಯುತ್ತಿದ್ದಾರೆ. ಸೀನಿಯರ್ಸ್‌ನಲ್ಲಿ ಜಾಗ ಗ್ಯಾರಂಟಿ, ಮ್ಯಾಚಿಗೆ ಇಷ್ಟು ಅಂತ ದುಡ್ಡೂ ಕೊಡುತ್ತಾರಂತೆ. ಎಎಫ್‌ಎಲ್ (ದೇಶದ ದೊಡ್ಡ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸಬರನ್ನು ತಗೊಳ್ಳುವಾಗ, 18ಕ್ಕೇ ಹುಡುಗರನ್ನು ಆರಿಸಿಬಿಡುತ್ತಾರೆ, ನನ್ನ ಕಥೆ ಮುಗೀತು ಅಂತ ಇವನು ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಅವರಪ್ಪ ಅಂತೂ "ಎಂಜಿನಿಯರಿಂಗ್ ಮುಗಿಸು, ಸಾಕು ಈ ಕುಸ್ತಿ" ಅನ್ನುತ್ತಾರೆ. ನನಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಗೊತ್ತಿರುವವರು ಹೇಳಿ.

ವಿಂಡಮ್ ವೇಲ್‌ನಿಂದ, ಇಬ್ಬರು ಆಟಗಾರರ ಅಪ್ಪ

ಮೇಡಂ, ನನ್ನ ಮಾತು ಕೇಳಿದರೆ ಕಳಿಸಿಬಿಡಿ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಫುಟಿ ಕ್ಲಬ್‌ಗಳಿಗೆ ಹೇಳಿ ಮಾಡಿಸಿದ ಮಾತು. ಎಂಟು ವರ್ಷದ ಹುಡುಗನಾಗಿದ್ದಾಗಿನಿಂದ ನೋಡಿದವನನ್ನು ಅವರು ಇನ್ನೂ ಹುಡುಗ ಅಂತಲೇ ನೋಡುತ್ತಾರೆ. ಹೊರಗಿನಿಂದ ಬಂದವನಿಗೆ ಸೀದಾ ಮಿಡ್‌ಫೀಲ್ಡ್.

ನನ್ನ ದೊಡ್ಡ ಮಗನಿಗೂ ಹೀಗೇ ಆಯಿತು. ಎರಡು ವರ್ಷ ರಿಸರ್ವ್ಸ್‌ನಲ್ಲಿ ಕೊಳೆತ. ಗುರುವಾರ ರಾತ್ರಿ ಕ್ಲಬ್‌ನಲ್ಲಿ ಊಟದ ಹೊತ್ತಿಗೆ ಟೀಮ್ ಓದುತ್ತಾರಲ್ಲ, ಆಗ ತಟ್ಟೆ ನೋಡಿಕೊಂಡು ಕೂತಿರುತ್ತಿದ್ದ. ಬೇರೆ ಕ್ಲಬ್‌ಗೆ ಹೋದ ಮೊದಲ ವರ್ಷವೇ 16 ಮ್ಯಾಚ್ ಆಡಿದ.

ದೊಡ್ಡ ಮಟ್ಟದಲ್ಲೂ ನೋಡಿ. ಜಾಶ್ ಕೆನಡಿ ಎಎಫ್‌ಎಲ್‌ನ ಹಾಥಾರ್ನ್ ಕ್ಲಬ್‌ನ ಮನೆಮಗ. ತಾತ ಆ ಕ್ಲಬ್‌ಗೆ 1961ರಲ್ಲಿ ಮೊದಲ ಪ್ರೀಮಿಯರ್‌ಶಿಪ್ (ಲೀಗ್ ಪ್ರಶಸ್ತಿ) ಗೆದ್ದುಕೊಟ್ಟ ಕೋಚ್, ಅಪ್ಪನೂ ಅಲ್ಲೇ ಆಡಿದವರು. ಆದರೂ ತಂಡದಲ್ಲಿ ಜಾಗ ಗಟ್ಟಿಯಾಗಲಿಲ್ಲ. 2009ರ ಕೊನೆಗೆ ಸಿಡ್ನಿ ಕ್ಲಬ್‌ಗೆ ಹೋದ. 2012ರ ಗ್ರ್ಯಾಂಡ್ ಫೈನಲ್‌ನಲ್ಲಿ ಸಿಡ್ನಿ ಸೋಲಿಸಿದ್ದು ಯಾರನ್ನು? ಇದೇ ಹಾಥಾರ್ನ್ ಅನ್ನು, 10 ಪಾಯಿಂಟ್‌ಗಳಿಂದ. ಮುಂದೆ ಅವನು ಸಿಡ್ನಿ ಕ್ಯಾಪ್ಟನ್ ಕೂಡ ಆದ.

ಮೆಲ್ಬರ್ನ್‌ನ ಪೂರ್ವದಿಂದ, ಒಂದು ಲೋಕಲ್ ಕ್ಲಬ್‌ನ ಟೀಮ್ ಮ್ಯಾನೇಜರ್ (ಊರು ಶಿವಮೊಗ್ಗ)

ಮೇಲಿನವರ ಮಾತನ್ನು ಪೂರ್ತಿ ಒಪ್ಪಲಾರೆ. ಹಿತ್ತಲ ಗಿಡದ ಬೆಲೆ ಕ್ಲಬ್‌ಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಕಾರಣ ಪ್ರೀತಿಯಲ್ಲ, ಲೆಕ್ಕ.

ವಿಕ್ಟೋರಿಯಾದ ಲೋಕಲ್ ಫುಟಿಯಲ್ಲಿ ಆಟಗಾರರಿಗೆ ಪಾಯಿಂಟ್ ಪದ್ಧತಿ ಇದೆ. ಸ್ಕೋರಿನ ಪಾಯಿಂಟ್ ಅಲ್ಲ, ಆಟಗಾರನ ತಲೆಗೆ ಕಟ್ಟುವ ಪಾಯಿಂಟ್. ಅದೇ ಕ್ಲಬ್‌ನಲ್ಲಿ ಬೆಳೆದ ಹುಡುಗನಿಗೆ ಒಂದೇ ಪಾಯಿಂಟ್. ದೊಡ್ಡ ಮಟ್ಟದಲ್ಲಿ ಆಡಿ ಬಂದವನಿಗೆ ಜಾಸ್ತಿ. ಒಂದು ದಿನ ಕಣಕ್ಕಿಳಿಯುವ ತಂಡದ ಒಟ್ಟು ಪಾಯಿಂಟ್ ಇಷ್ಟು ದಾಟಬಾರದು ಅಂತ ಮಿತಿ ಇರುತ್ತದೆ. ಹಾಗಾಗಿ ಇಬ್ಬರು ಮೂವರು ದುಬಾರಿ ಆಟಗಾರರನ್ನು ತಂದ ಕ್ಲಬ್‌ಗೆ ನಿಮ್ಮ ಮಗನಂಥ ಒಂದು ಪಾಯಿಂಟ್‌ನ ಹುಡುಗರು ಬೇಕೇ ಬೇಕು. ಅವರಿಲ್ಲದೆ ಟೀಮ್ ಕೂರುವುದೇ ಇಲ್ಲ. ಅಂಥ ಹುಡುಗನನ್ನು ಸುಮ್ಮನೆ ಕೆಳಗೆ ಕೂರಿಸಿದ್ದಾರೆ ಅಂದರೆ ಏನೋ ಕಾರಣ ಇದೆ. ಅದನ್ನು ಯಾರಾದರೂ ಕೇಳಿದ್ದೀರಾ?

ಟೀಮ್ ಆರಿಸುವ ರೂಮಿನಲ್ಲಿ ನಾನು ವಾರವಾರವೂ ಕೂರುತ್ತೇನೆ. ಗೋಡೆಗೆ ಬಿಳಿ ಬೋರ್ಡು, ಅದರ ಮೇಲೆ ಹೆಸರು ಬರೆದ ಮ್ಯಾಗ್ನೆಟ್ ಬಿಲ್ಲೆಗಳು. ಮೊದಲು ಹದಿನೈದು ಬಿಲ್ಲೆ ಎರಡೇ ನಿಮಿಷದಲ್ಲಿ ಮೇಲೆ ಹೋಗುತ್ತವೆ. ಉಳಿದವಕ್ಕೆ ಒಂದು ಗಂಟೆ. ಒಂದು ಬಿಲ್ಲೆ ಮೇಲೆ, ಕೆಳಗೆ, ಮತ್ತೆ ಮೇಲೆ. ಕೊನೆಗೆ ಅದು ಕೆಳಗೆ ಉಳಿಯುವುದಕ್ಕೆ ಎಷ್ಟೋ ಸಲ ಬಹಳ ಚಿಕ್ಕ ಕಾರಣ ಇರುತ್ತದೆ. ಮಂಗಳವಾರ ಟ್ರೈನಿಂಗ್‌ಗೆ ಬರಲಿಲ್ಲ, ಎಡಗಾಲಿನಿಂದ ಒದೆಯಲ್ಲ, ಇಂಥದ್ದು. ಹುಡುಗನಿಗೆ ಮಾತ್ರ ಅದನ್ನು ಯಾರೂ ಹೇಳಿರುವುದಿಲ್ಲ. ಇದು ನಮ್ಮ ತಪ್ಪೇ, ಒಪ್ಪುತ್ತೇನೆ. ಹೋಗಿ ಕೇಳಿದವನಿಗೆ ಕೋಚ್ ಹೇಳುತ್ತಾರೆ. ಆದರೆ ಹುಡುಗನೇ ಕೇಳಬೇಕು ಅಕ್ಕಾ, ನೀವಲ್ಲ. 19 ವರ್ಷದವನ ಅಮ್ಮ ಕೋಚ್ ಹತ್ತಿರ ಬಂದರೆ ಡ್ರೆಸಿಂಗ್ ರೂಮಿನಲ್ಲಿ ಆರು ತಿಂಗಳು ಅದೇ ಜೋಕು.

ಉಳಿದು ಗೆದ್ದವರೂ ಇದ್ದಾರೆ. ಡಸ್ಟಿನ್ ಮಾರ್ಟಿನ್ 2013ರಲ್ಲಿ ಎಎಫ್‌ಎಲ್‌ನ ರಿಚ್ಮಂಡ್ ಕ್ಲಬ್ ಬಿಡುವ ಅಂಚಿನಲ್ಲಿದ್ದ, ಸಿಡ್ನಿಗೆ ಹೋಗಿ ಜಿಡಬ್ಲ್ಯೂಎಸ್ ಕ್ಲಬ್ ನೋಡಿಕೊಂಡೂ ಬಂದಿದ್ದ. ಕೊನೆಗೆ ಉಳಿದ. 2017ರಲ್ಲಿ ಬ್ರೌನ್‌ಲೋ ಪದಕ (ಸೀಸನ್‌ನ ಉತ್ತಮ ಆಟಗಾರ), ನಾರ್ಮ್ ಸ್ಮಿತ್ ಪದಕ (ಗ್ರ್ಯಾಂಡ್ ಫೈನಲ್‌ನ ಉತ್ತಮ ಆಟಗಾರ), ಪ್ರೀಮಿಯರ್‌ಶಿಪ್, ಮೂರೂ ಒಂದೇ ವರ್ಷ. ಅದಕ್ಕೆ ಮುಂಚೆ ಯಾರೂ ಹಾಗೆ ಮಾಡಿರಲಿಲ್ಲ.

ಪಾಯಿಂಟ್ ಕುಕ್‌ನಿಂದ, 24 ವರ್ಷ, ಕ್ಲಬ್ ಬಿಟ್ಟು ಹೋಗಿ ವಾಪಸ್ ಬಂದವನು

ಆಂಟಿ, ನನ್ನ ಕನ್ನಡ ಅಷ್ಟಕ್ಕಷ್ಟೆ, ಅಮ್ಮ ತಿದ್ದಿದ್ದಾರೆ. ನಾನು 20ಕ್ಕೆ ದುಡ್ಡು ನೋಡಿಕೊಂಡು ಹೋದವನು. ಮ್ಯಾಚಿಗೆ 200 ಡಾಲರ್. ದೊಡ್ಡ ಸಂಪಾದನೆ ಅನ್ನಿಸಿತ್ತು.

ಮಂಗಳವಾರ, ಗುರುವಾರ ಟ್ರೈನಿಂಗ್. ಶನಿವಾರ ಮ್ಯಾಚ್. ಒಂದು ಕಡೆಗೆ 70 ಕಿಲೋಮೀಟರ್. ಯೂನಿಯಿಂದ ನೇರ ಫ್ರೀವೇ, ಕಾರಿನಲ್ಲೇ ಅಮ್ಮ ಕಟ್ಟಿಕೊಟ್ಟ ಚಪಾತಿ ರೋಲ್. ರಾತ್ರಿ ಹತ್ತು ಗಂಟೆಗೆ ಮನೆ. ಪೆಟ್ರೋಲ್ ಕಳೆದರೆ ಆ ಇನ್ನೂರರಲ್ಲಿ ಎಷ್ಟು ಉಳಿಯುತ್ತದೆ ಅಂತ ನಾನು ಲೆಕ್ಕ ಹಾಕಿದ್ದು ಜುಲೈನಲ್ಲಿ! ಆದರೆ ಅದು ದೊಡ್ಡ ವಿಷಯ ಅಲ್ಲ. ದುಡ್ಡು ಕೊಟ್ಟು ಕರೆಸಿದವನ ಮೇಲೆ ಬೇರೆ ಥರದ ಕಣ್ಣು ಇರುತ್ತದೆ. ಮನೆ ಕ್ಲಬ್‌ನಲ್ಲಿ ಒಂದು ಮ್ಯಾಚ್ ಕೆಟ್ಟರೆ ಬೆನ್ನು ತಟ್ಟುತ್ತಾರೆ. ಅಲ್ಲಿ ಎರಡು ಮ್ಯಾಚ್ ಕೆಟ್ಟರೆ ಬೇಲಿ ಪಕ್ಕ ನಿಂತ ಮುದುಕರು "ಇವನಿಗೆ ಎಷ್ಟು ಕೊಡ್ತಿದ್ದೀವಿ?" ಅಂತ ನಮಗೆ ಕೇಳುವ ಹಾಗೇ ಮಾತಾಡುತ್ತಾರೆ. ನನ್ನನ್ನು ಕರೆದ ಕೋಚ್ ಅನ್ನು ಸೀಸನ್ ಮಧ್ಯದಲ್ಲೇ ತೆಗೆದರು. ಹೊಸಬರಿಗೆ ನಾನು ಯಾರೋ.

ಆದರೂ ಹೋಗಿದ್ದು ತಪ್ಪು ಅನ್ನಲ್ಲ ಆಂಟಿ. ನನಗಿಂತ ಹತ್ತು ವರ್ಷ ದೊಡ್ಡವರ ಎದುರು ವಾರವಾರ ಆಡಿದೆ. ಮೈ ಗಟ್ಟಿಯಾಯಿತು, ಬಾಯೂ ಗಟ್ಟಿಯಾಯಿತು. ನಿಮ್ಮ ಮಗ ಹೋಗುವುದಾದರೆ "ಗ್ಯಾರಂಟಿ" ಅನ್ನುವವರ ಹತ್ತಿರ ಮೂರು ವಿಷಯ ಕೇಳಲಿ: ಯಾವ ಪೊಸಿಷನ್, ಕೋಚ್ ಇನ್ನೆಷ್ಟು ವರ್ಷ ಇರುತ್ತಾರೆ, ಗಾಯವಾಗಿ ಕೂತ ವಾರ ದುಡ್ಡು ಬರುತ್ತದಾ. ಮೂರನೆಯದಕ್ಕೆ ಬರುವ ಉತ್ತರ ಕೇಳಿದರೆ ಕ್ಲಬ್ ಎಂಥದ್ದು ಅಂತ ತಿಳಿಯುತ್ತದೆ.

ಅಡಿಲೇಡ್‌ನಿಂದ ಒಬ್ಬ ಅಮ್ಮ

ಹುಡುಗರು ಕ್ಲಬ್ ಬದಲಾಯಿಸಿದರೆ ನಿಷ್ಠೆ ಇಲ್ಲ ಅಂತ ಬೈಯುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಊರಿನ ಜೇಸನ್ ಹಾರ್ನ್-ಫ್ರಾನ್ಸಿಸ್ 2021ರ ಡ್ರಾಫ್ಟ್‌ನ ಒಂದನೇ ನಂಬರ್. ನಾರ್ತ್ ಮೆಲ್ಬರ್ನ್‌ನಲ್ಲಿ ಒಂದೇ ಸೀಸನ್ ಆಡಿ ಪೋರ್ಟ್ ಅಡಿಲೇಡ್‌ಗೆ, ಅಂದರೆ ಮನೆಗೆ ಬಂದ. ಎಷ್ಟು ಕೂಗಾಡಿದರು! ಮನೆಯಿಂದ ದೂರ ಇರುವ 18ರ ಹುಡುಗ ರಾತ್ರಿ ಫೋನಿನಲ್ಲಿ ಏನು ಮಾತಾಡುತ್ತಾನೆ ಅಂತ ಅವರ ಮನೆಯವರಿಗೆ ತಾನೇ ಗೊತ್ತಿರುವುದು.

ನಿಮ್ಮ ಹುಡುಗ ಮನೆಯಲ್ಲೇ ಇದ್ದಾನೆ. ನಿಮ್ಮ ಅರ್ಧ ಕಷ್ಟ ಕಳೆದಂತೆ.

ಪರ್ತ್‌ನಿಂದ ಒಬ್ಬ ಫಿಸಿಯೋ

ಎಲ್ಲರೂ ಕ್ಲಬ್ ಬಗ್ಗೆ ಮಾತಾಡಿದಿರಿ. ನನಗೆ ಪ್ರಶ್ನೆಯಲ್ಲಿ ಕಣ್ಣಿಗೆ ಹೊಡೆದದ್ದು ಕನ್ಕಷನ್. 21 ದಿನ ಅನ್ನುವುದು ಆಡಲು ಬಿಡುವುದಕ್ಕೆ ಕನಿಷ್ಠ ಲೆಕ್ಕ. ಡಾಕ್ಟರ್ ಸಹಿ ಹಾಕಿದ ದಿನವೇ ಮನಸ್ಸೂ ವಾಸಿಯಾಗುತ್ತದೆ ಅಂತಲ್ಲ. ತಲೆಗೆ ಪೆಟ್ಟು ತಿಂದ ಹುಡುಗರು ಎಷ್ಟೋ ಸಲ ತಮಗೇ ಗೊತ್ತಿಲ್ಲದ ಹಾಗೆ ಚೆಂಡಿಗೆ ಹೋಗುವಾಗ ಅರ್ಧ ಹೆಜ್ಜೆ ತಡೆಯುತ್ತಾರೆ. ಹೊರಗಿನಿಂದ ನೋಡುವ ಅಪ್ಪ ಅಮ್ಮನಿಗೆ ಅದು ಕಾಣಿಸುವುದಿಲ್ಲ. ಕೋಚ್‌ಗೆ ಕಾಣಿಸುತ್ತದೆ. ಬ್ಯಾಕ್ ಪಾಕೆಟ್‌ಗೆ ಹಾಕಿದ್ದು ಶಿಕ್ಷೆ ಅಂತ ಯಾಕೆ ಅಂದುಕೊಂಡಿರಿ? ಅಲ್ಲಿ ನಿಂತವನಿಗೆ ಆಟ ಜಾಸ್ತಿ ಕಣ್ಣೆದುರೇ ನಡೆಯುತ್ತದೆ. ವಿಂಗ್‌ನಲ್ಲಿ ಪೆಟ್ಟು ಯಾವ ಕಡೆಯಿಂದ ಬೇಕಾದರೂ ಬರಬಹುದು.

ಇನ್ನು 19ಕ್ಕೆ ಕಥೆ ಮುಗೀತು ಅನ್ನುವ ಮಾತು. ಟಾಮ್ ಸ್ಟೀವರ್ಟ್ ಗೀಲಾಂಗ್‌ನ ಲೋಕಲ್ ಕ್ಲಬ್ ಸೌತ್ ಬಾರ್ವನ್‌ನಲ್ಲಿ ಆಡಿಕೊಂಡಿದ್ದವನು. 2016ರ ಡ್ರಾಫ್ಟ್‌ನಲ್ಲಿ ಎಎಫ್‌ಎಲ್‌ನ ಗೀಲಾಂಗ್ ಕ್ಲಬ್ ಅವನನ್ನು 40ನೇ ನಂಬರಿಗೆ ತಗೊಂಡಾಗ ವಯಸ್ಸು 23. ಆಡುವುದು ಡಿಫೆನ್ಸ್‌ನಲ್ಲೇ, ನಿಮ್ಮ ಮಗನಿಗೆ ಹೇಳಿ. 2022ರಲ್ಲಿ ಪ್ರೀಮಿಯರ್‌ಶಿಪ್ ಗೆದ್ದ. ನಮ್ಮ ಪರ್ತ್ ಕಡೆಯ ಮಾರ್ಲಿಯನ್ ಪಿಕೆಟ್‌ನನ್ನು ರಿಚ್ಮಂಡ್ 2019ರ ಮಿಡ್-ಸೀಸನ್ ಡ್ರಾಫ್ಟ್‌ನಲ್ಲಿ ಕರೆದುಕೊಂಡಿತು. ಆಗ ಅವನಿಗೆ 27. ಆಡಿದ ಮೊದಲ ಎಎಫ್‌ಎಲ್ ಮ್ಯಾಚೇ ಆ ವರ್ಷದ ಗ್ರ್ಯಾಂಡ್ ಫೈನಲ್. ಇಂಥವರು ಬೆರಳೆಣಿಕೆಯಷ್ಟು, ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಬಾಗಿಲು 18ಕ್ಕೇ ಮುಚ್ಚುವುದಿಲ್ಲ, ಅಷ್ಟೆ.

ಬೇಗ ತೆರೆದ ಬಾಗಿಲೂ ಸುಖದ್ದೇ ಆಗಬೇಕಿಲ್ಲ. ಟಾಮ್ ಬಾಯ್ಡ್ 2013ರ ಡ್ರಾಫ್ಟ್‌ನ ಒಂದನೇ ನಂಬರ್. ಒಂದು ವರ್ಷಕ್ಕೇ ಕ್ಲಬ್ ಬದಲಾಯಿಸಿ ವೆಸ್ಟರ್ನ್ ಬುಲ್‌ಡಾಗ್ಸ್ ಜೊತೆ ಏಳು ವರ್ಷದ ಭಾರಿ ಒಪ್ಪಂದ ಮಾಡಿಕೊಂಡ. 2016ರ ಗ್ರ್ಯಾಂಡ್ ಫೈನಲ್‌ನಲ್ಲಿ ಮೂರು ಗೋಲ್ ಹೊಡೆದು ಕಪ್ಪೂ ಗೆದ್ದ. ಇಷ್ಟಾದರೂ 2019ರಲ್ಲಿ, 23ನೇ ವಯಸ್ಸಿಗೆ ಆಟ ಬಿಟ್ಟ. ಮನಸ್ಸಿನ ಆರೋಗ್ಯದ ಬಗ್ಗೆ ಅವನೇ ಬಾಯಿಬಿಟ್ಟು ಮಾತಾಡಿದ್ದಾನೆ. ಮಗ ಬಾಗಿಲು ಹಾಕಿಕೊಂಡು ಕೂರುತ್ತಾನೆ ಅಂದಿರಲ್ಲ, ಕ್ಲಬ್ ವಿಷಯಕ್ಕಿಂತ ಮೊದಲು ಅದನ್ನು ನೋಡಿ.

ಪ್ರಶ್ನೆ ಕೇಳಿದವಳು, ಹತ್ತು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಫಿಸಿಯೋ ಸರ್ ಬರೆದದ್ದನ್ನು ಮಗನಿಗೆ ಓದಿ ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಮಾರನೇ ದಿನ ಅವನೇ ಕೋಚ್‌ಗೆ ಮೆಸೇಜ್ ಮಾಡಿ ಹೋಗಿ ಬಂದ. ನಾನು ಕಾರಿನಲ್ಲೇ ಕೂತಿದ್ದೆ, ಶಿವಮೊಗ್ಗದವರು ಹೇಳಿದ ಹಾಗೆ!

ಕೋಚ್ ಲ್ಯಾಪ್‌ಟಾಪ್‌ನಲ್ಲಿ ಎರಡು ಮ್ಯಾಚಿನ ವಿಡಿಯೋ ತೋರಿಸಿದರಂತೆ. ಏಪ್ರಿಲ್‌ನದ್ದು ಒಂದು, ಜೂನ್‌ನದ್ದು ಒಂದು. ಏಪ್ರಿಲ್‌ನಲ್ಲಿ ಚೆಂಡಿಗೆ ತಲೆ ಬಗ್ಗಿಸಿ ನುಗ್ಗುತ್ತಿದ್ದವನು ಜೂನ್‌ನಲ್ಲಿ ಎದುರಿನವನು ಬರುವವರೆಗೆ ಕಾಯುತ್ತಿದ್ದಾನೆ. "ನಿನಗೆ ಧೈರ್ಯ ವಾಪಸ್ ಬರಲಿ ಅಂತ ಹಿಂದೆ ನಿಲ್ಲಿಸಿದೆ" ಅಂದರಂತೆ. ಇದನ್ನು ಜೂನ್‌ನಲ್ಲೇ ಹೇಳಬಾರದಿತ್ತಾ ಅಂತ ನನಗೆ ಸಿಟ್ಟು ಬಂತು. ಮಗನಿಗೆ ಬರಲಿಲ್ಲ. ನನಗೆ ಗೊತ್ತಿತ್ತಮ್ಮ, ಯಾರಿಗೂ ಕಾಣಿಸುತ್ತಿಲ್ಲ ಅಂದುಕೊಂಡಿದ್ದೆ ಅಂದ.

ಏನೂ ತೀರ್ಮಾನ ಆಗಿಲ್ಲ. ಮುಂದಿನ ವಾರ ಇಲ್ಲಿಯ ಡಾಕ್ಟರ್ ಹತ್ತಿರ ಇನ್ನೊಮ್ಮೆ ತೋರಿಸುತ್ತೇವೆ. ಗೀಲಾಂಗ್ ಕಡೆಯವರಿಗೆ ಅವನೇ ಫೋನ್ ಮಾಡಿ ನವೆಂಬರ್‌ವರೆಗೆ ಟೈಮ್ ಕೇಳಿದ್ದಾನೆ. ಗಾಯದ ವಾರದ ದುಡ್ಡಿನ ಬಗ್ಗೆಯೂ ಕೇಳಿದ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಾಗಿ, ವಿಚಾರಿಸಿ ಹೇಳುತ್ತೇವೆ ಅಂದರಂತೆ. ಇನ್ನೂ ಹೇಳಿಲ್ಲ.

ಅವರಪ್ಪ ಇನ್ನೂ ಕುಸ್ತಿ ಅಂತಲೇ ಕರೆಯುತ್ತಾರೆ. ಆದರೆ ನಿನ್ನೆ ರಾತ್ರಿ ಊಟಕ್ಕೆ ಕೂತಾಗ "ಈ ಬ್ಯಾಕ್ ಪಾಕೆಟ್ ಅಂದ್ರೆ ಎಲ್ಲೋ ನಿಲ್ಲೋದು?" ಅಂತ ಕೇಳಿದರು. ಮಗ ತಟ್ಟೆಯಲ್ಲಿ ಅನ್ನ ಪಕ್ಕಕ್ಕೆ ಸರಿಸಿ, ನಾಲ್ಕು ಕಡಲೆಬೀಜ ಗೋಲ್ ಪೋಸ್ಟ್ ಮಾಡಿ, ಉಪ್ಪಿನಕಾಯಿ ಹೋಳು ತಾನು ಅಂತ ಇಟ್ಟು ತೋರಿಸುತ್ತಿದ್ದ.