ಬೆಳಗಿನ ಜಾವ ಪಂಜರದ ಮೀನು ಸತ್ತಿವೆ. ವಿಷವಾ, ಆಮ್ಲಜನಕ ಸಾಲದೇ ಹೋಯಿತಾ?

ಹಿನ್ನೀರು ದಡ

ಎಲ್ಲರಿಗೂ ನಮಸ್ಕಾರ. ನಾವು ಒಂದಷ್ಟು ಜನ ಸೇರಿ ಜಲಾಶಯದ ಹಿನ್ನೀರಿನಲ್ಲಿ ಪಂಜರ ಹಾಕಿ ಮೀನು ಸಾಕುತ್ತಿದ್ದೇವೆ. ಯಾವ ಡ್ಯಾಂ ಅಂತ ಬರೆಯುವುದಿಲ್ಲ, ಊರಲ್ಲಿ ಈಗಾಗಲೇ ಗಲಾಟೆ ಎದ್ದಿದೆ. ಆರು ಮೀಟರ್ ಉದ್ದ, ನಾಲ್ಕು ಅಗಲ, ನಾಲ್ಕು ಆಳದ ಮಾಮೂಲಿ ಪಂಜರಗಳು. ನಮ್ಮದರಲ್ಲಿ ರೋಹು, ತಿಲಾಪಿಯಾ ಇವೆ. ಪಕ್ಕದ ಗುಂಪಿನವರದ್ದು ಪಂಗಾಸಿಯಸ್.

ಬೇಸಿಗೆ ಕೊನೆ, ನೀರು ತುಂಬಾ ಇಳಿದಿದೆ. ಎರಡು ಮೂರು ದಿನ ಮೋಡ ಕವಿದುಕೊಂಡು ಒಂದು ಎಲೆಯೂ ಅಲುಗಾಡಲಿಲ್ಲ. ಆಮೇಲೆ ಒಂದು ರಾತ್ರಿ ಗುಡುಗು, ಜೋರು ಗಾಳಿ, ಮಳೆ. ಬೆಳಿಗ್ಗೆ ತೆಪ್ಪದಲ್ಲಿ ಹೋಗಿ ನೋಡಿದರೆ ರೋಹು ಎಲ್ಲಾ ಬಾಯಿ ತೆರೆದುಕೊಂಡು ಮೇಲೆ ಬಂದಿದ್ದವು. ದಪ್ಪ ದಪ್ಪ ಮೀನುಗಳು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸಣ್ಣವು ಸುಮಾರು ಬದುಕಿವೆ. ತಿಲಾಪಿಯಾ ಸ್ವಲ್ಪ ಹೋಗಿವೆ. ಪಕ್ಕದವರ ಪಂಗಾಸಿಯಸ್‌ಗೆ ಏನೂ ಆಗಿಲ್ಲ. ಅದಕ್ಕೇ ನಮ್ಮ ಹುಡುಗರು ಅವರೇ ರಾತ್ರಿ ಏನೋ ಸುರಿದಿದ್ದಾರೆ ಅಂತ ಹೊಡೆದಾಟಕ್ಕೆ ನಿಂತಿದ್ದಾರೆ.

ಮಾರನೇ ದಿನ ಬಿಸಿಲು ಬಂದ ಮೇಲೆ ಮಧ್ಯಾಹ್ನ ಪರಿಚಯದವರೊಬ್ಬರು ಮೀಟರ್ ತಂದು ನೋಡಿದರು. ಮೇಲ್ಗಡೆ ನೀರು 31 ಡಿಗ್ರಿ, ಆಮ್ಲಜನಕ ಲೀಟರಿಗೆ 9 ಮಿಲಿಗ್ರಾಂ. ‘ನೀರು ಬಹಳ ಚೆನ್ನಾಗಿದೆ, ಆಮ್ಲಜನಕದ ಸಮಸ್ಯೆ ಅಲ್ಲವೇ ಅಲ್ಲ’ ಅಂದು ಹೋದರು. ಈಗ ವಿಷದ ಮಾತು ಇನ್ನೂ ಜಾಸ್ತಿಯಾಗಿದೆ. ತಿಳಿದವರು ಹೇಳಿ, ಇದನ್ನು ಹೇಗೆ ಗೊತ್ತು ಮಾಡಿಕೊಳ್ಳುವುದು?

ಮರಿ ಸಾಕಣೆ

ಮೊದಲು ಹುಡುಗರನ್ನು ತಡೆಯಿರಿ ಅಣ್ಣಾ. ನೀವು ಬರೆದಿರುವುದರಲ್ಲೇ ಮುಕ್ಕಾಲು ಉತ್ತರ ಇದೆ.

ವಿಷ ಬಿದ್ದರೆ ಸಾಮಾನ್ಯವಾಗಿ ಸಣ್ಣ ಮೀನು ಮೊದಲು ಹೋಗುತ್ತವೆ. ಹೊತ್ತು ಗೊತ್ತು ಇರುವುದಿಲ್ಲ, ಹಗಲಲ್ಲೂ ಸಾಯುತ್ತವೆ. ಕಪ್ಪೆ, ಬಸವನಹುಳು, ನೀರಿನ ಹುಳಗಳಿಗೂ ಪೆಟ್ಟು ಬೀಳುತ್ತದೆ. ಆಮ್ಲಜನಕ ಸಾಲದಿದ್ದರೆ ದೊಡ್ಡ ಮೀನು ಮೊದಲು ಹೋಗುತ್ತವೆ, ಅದೂ ರಾತ್ರಿ ಕೊನೆಗೆ, ಬೆಳಕು ಹರಿಯುವ ಮುಂಚೆ. ಬಾಯಿ ತೆರೆದು ಮೇಲೆ ಬರುವುದೇ ಅದರ ಗುರುತು.

ಇನ್ನು ಪಂಗಾಸಿಯಸ್ ಯಾಕೆ ಸಾಯಲಿಲ್ಲ ಅಂದರೆ ಅದು ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲ ಮೀನು. ಕೊರವ ಮೀನು ಕೆಸರಲ್ಲಿ ಬದುಕುತ್ತದಲ್ಲ, ಹಾಗೆ. ತಿಲಾಪಿಯಾಗೆ ಆ ಶಕ್ತಿ ಇಲ್ಲ, ಆದರೆ ಆಮ್ಲಜನಕ ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಇಳಿದರೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ರೋಹು, ಕಾಟ್ಲಾಕ್ಕೆ ಐದು ಇದ್ದರೆ ಒಳ್ಳೆಯದು. ಮೂರಕ್ಕಿಂತ ಕೆಳಗೆ ಹೋದರೆ ಒದ್ದಾಡುತ್ತವೆ. ನಿಮ್ಮಲ್ಲಿ ಸತ್ತ ಕ್ರಮ ನೋಡಿ: ರೋಹು ಹೆಚ್ಚು, ತಿಲಾಪಿಯಾ ಸ್ವಲ್ಪ, ಪಂಗಾಸಿಯಸ್ ಒಂದೂ ಇಲ್ಲ. ಯಾರಾದರೂ ವಿಷ ಹಾಕಿದ್ದರೆ ಅದು ಹೀಗೆ ಆರಿಸಿ ಆರಿಸಿ ಕೊಲ್ಲುತ್ತಿತ್ತಾ?

ಇಷ್ಟಾದರೂ ಊರವರಿಗೆ ಸಾಕ್ಷಿ ಬೇಕಾಗುತ್ತದೆ. ಈಗಲೇ ಕೊಳೆಯದ ಒಂದೆರಡು ಮೀನು ಐಸ್‌ನಲ್ಲಿ ಇಡಿ, ಬಾಟಲಿಯಲ್ಲಿ ಕಂಠಪೂರ್ತಿ ನೀರು ತುಂಬಿ ಅದನ್ನೂ ಐಸ್‌ನಲ್ಲೇ ಇಟ್ಟು ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ಕೊಡಿ. ಪರೀಕ್ಷೆ ಆಗುವ ತನಕ ಯಾರ ಹೆಸರೂ ಎತ್ತಬೇಡಿ.

ಬಯಲುಸೀಮೆ

ಇಷ್ಟೊಂದು ಯೋಚನೆ ಯಾಕೆ? ನೀರು ಬಿಸಿಯಾದರೆ ಆಮ್ಲಜನಕ ನಿಲ್ಲುವುದಿಲ್ಲ, ಅಷ್ಟೇ. ಈ ಸಲ ಬಿಸಿಲು ಹಾಗಿತ್ತು. ಪಂಜರದ ತಳಕ್ಕೆ ಒಂದು ಒಳ್ಳೆ ಏರೇಟರ್ (ನೀರಿಗೆ ಗಾಳಿ ಊದುವ ಯಂತ್ರ) ಇಳಿಬಿಡಿ, ಸರಿಹೋಗುತ್ತದೆ.

ಆಳದ ನೀರು

@ಬಯಲುಸೀಮೆ ಸರ್, ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ ಅನ್ನುವುದು ನಿಜ. ಆದರೆ ಎಷ್ಟು ಕಡಿಮೆ? ಸಮುದ್ರ ಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಹಿಡಿಯುತ್ತದೆ, 30 ಡಿಗ್ರಿ ನೀರು ಸುಮಾರು 7.6. ನಮ್ಮದು ಎತ್ತರದ ನಾಡು, ಗಾಳಿಯ ಒತ್ತಡ ಕಡಿಮೆ, ಅದಕ್ಕೆ ಇನ್ನೊಂದಷ್ಟು ಕಳೆಯಿರಿ. ಆದರೂ ಆರೂವರೆ ಏಳು ಉಳಿಯಿತು. ಮೀನಿಗೆ ಅದು ಧಾರಾಳ. ಬರೀ ಬಿಸಿಯಿಂದ ಮೀನು ಉಸಿರುಕಟ್ಟಿ ಸಾಯುವುದಾದರೆ ಪ್ರತಿ ಏಪ್ರಿಲ್‌ನಲ್ಲೂ ನಮ್ಮ ಕೆರೆಗಳು ಖಾಲಿಯಾಗಬೇಕಿತ್ತು.

ಬಿಸಿಯ ನಿಜವಾದ ಕೆಲಸ ಬೇರೆ ಕಡೆ ಇದೆ. ಒಂದು, ಹತ್ತು ಡಿಗ್ರಿ ಏರಿದರೆ ಮೀನು, ಪಾಚಿ, ತಳದ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಎಲ್ಲವೂ ಸುಮಾರು ಎರಡು ಪಟ್ಟು ಆಮ್ಲಜನಕ ಬಳಸುತ್ತವೆ. ಇನ್ನೊಂದು, ಬಿಸಿ ನೀರು ಹಗುರ, ಮೇಲೆ ನಿಲ್ಲುತ್ತದೆ. ತಣ್ಣಗಿನ ನೀರು ಭಾರ, ಕೆಳಗೆ ನಿಲ್ಲುತ್ತದೆ. ಎರಡೂ ಬೆರೆಯುವುದಿಲ್ಲ. ಗಾಳಿಯ ಆಮ್ಲಜನಕವೂ ಪಾಚಿ ಹಗಲಲ್ಲಿ ಮಾಡುವ ಆಮ್ಲಜನಕವೂ ಮೇಲಿನ ಪದರದಲ್ಲೇ ಉಳಿಯುತ್ತವೆ. ಕೆಳಗಿನ ಪದರಕ್ಕೆ ಬಾಗಿಲು ಹಾಕಿದ ಹಾಗೆ. ಅಲ್ಲಿ ಕೊಳೆ ಸುಮ್ನೆ ಕೂರುವುದಿಲ್ಲ, ಇದ್ದಬದ್ದ ಆಮ್ಲಜನಕ ತಿಂದು ಮುಗಿಸುತ್ತದೆ. ಅದು ಮುಗಿದ ಮೇಲೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ.

‘ಮೇಲೆ ಕೆಳಗೆ ಎರಡು ಮೂರು ಡಿಗ್ರಿ ತಾನೇ ವ್ಯತ್ಯಾಸ, ಅದಕ್ಕೆಲ್ಲ ನೀರು ಪದರ ಕಟ್ಟುತ್ತದಾ’ ಅಂತ ತುಂಬಾ ಜನ ಕೇಳುತ್ತಾರೆ. ಚಳಿ ದೇಶದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೀರು 4 ಡಿಗ್ರಿಯಿಂದ 5ಕ್ಕೆ ಏರಿದರೆ ಸಾವಿರ ಲೀಟರಿಗೆ ಹತ್ತು ಗ್ರಾಂ ಕೂಡ ಹಗುರಾಗುವುದಿಲ್ಲ. 29ರಿಂದ 30ಕ್ಕೆ ಏರಿದರೆ ಸುಮಾರು 300 ಗ್ರಾಂ ಹಗುರಾಗುತ್ತದೆ. ಅದೇ ಒಂದು ಡಿಗ್ರಿ! ಹಾಗಾಗಿ ನಮ್ಮ ಬೇಸಿಗೆಯ ಜಲಾಶಯದಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸ ಇದ್ದರೂ ಸಾಕು, ಗಾಳಿ ಇಲ್ಲದಿದ್ದರೆ ಪದರ ಗಟ್ಟಿಯಾಗಿ ನಿಲ್ಲುತ್ತದೆ.

ಡ್ಯಾಂನಿಂದ ಡ್ಯಾಂಗೆ ಇದು ಬೇರೆ ಬೇರೆ. ತುಂಗಭದ್ರಾ ನೋಡಿ, ಹೂಳು ತುಂಬಿ ಈಗ ಹಿಡಿಯುವುದು 105 ಟಿಎಂಸಿ ಚಿಲ್ಲರೆ. ತುಂಬಿದಾಗ ನೀರು ಹರಡುವುದು 378 ಚದರ ಕಿಲೋಮೀಟರ್. ಸರಾಸರಿ ಆಳ ಹತ್ತು ಮೀಟರೂ ಬರುವುದಿಲ್ಲ. ಬಯಲು, ಗಾಳಿ ಬೀಸಿದರೆ ತಳದ ತನಕ ಕಲಕುವ ಜಾಗಗಳೇ ಜಾಸ್ತಿ. ಕಾಳಿ ನದಿಯ ಸೂಪಾ ಡ್ಯಾಂ ಹಾಗಲ್ಲ. 101 ಮೀಟರ್ ಎತ್ತರದ ಕಟ್ಟೆ, ಕಣಿವೆಯ ನೀರು, ಸುತ್ತ ಗುಡ್ಡ. ಅಂಥ ಕಡೆ ಗಾಳಿ ಕೆಳಗಿನ ನೀರನ್ನು ಮುಟ್ಟುವುದು ಕಷ್ಟ.

ಈಗ ಪ್ರಶ್ನೆ ಕೇಳಿದವರ ಮೀಟರ್ ವಿಷಯಕ್ಕೆ ಬರೋಣ. 31 ಡಿಗ್ರಿ ನೀರಲ್ಲಿ 9 ಮಿಲಿಗ್ರಾಂ! ಗಾಳಿಯಿಂದ ಅಷ್ಟು ಬರಲು ಸಾಧ್ಯವೇ ಇಲ್ಲ, ಏಳೂವರೆಗೇ ನಿಲ್ಲಬೇಕು. ಮಿಕ್ಕಿದ್ದು ಪಾಚಿ ಮಾಡಿದ್ದು. ಅಂದರೆ ನಿಮ್ಮ ನೀರಲ್ಲಿ ಪಾಚಿ ಕಿಕ್ಕಿರಿದಿದೆ. ಅದೇ ಪಾಚಿ ರಾತ್ರಿಯೆಲ್ಲಾ ಆಮ್ಲಜನಕ ಎಳೆಯುತ್ತದೆ. ಮೋಡದ ದಿನ ಸರಿಯಾಗಿ ಮಾಡುವುದೂ ಇಲ್ಲ, ಬಳಸುವುದು ಮಾತ್ರ ಬಿಡುವುದಿಲ್ಲ. ಎರಡು ಮೂರು ದಿನ ಹಾಗೆ ಸೋತಿದ್ದ ನೀರಿಗೆ ಬಿರುಗಾಳಿ ಬಂದು ತಳದ ನೀರನ್ನೂ ಮೇಲೆ ಎಬ್ಬಿಸಿತು. ನಾನು ಓದಿದ ಪ್ರಕಾರ ನಿಮ್ಮಲ್ಲಿ ಆಗಿರುವುದು ಇದೇ. ನಿಮ್ಮ ಪರಿಚಯದವರ ಅಳತೆ ಸರಿಯೇ ಇದೆ, ಅಳೆದ ಹೊತ್ತು ಮತ್ತು ಜಾಗ ಮಾತ್ರ ಬೇರೆ ಆಗಬೇಕಿತ್ತು. ಬೆಳಿಗ್ಗೆ ಐದೂವರೆಗೆ, ಒಂದೊಂದು ಮೀಟರ್ ಕೆಳಗಿಳಿಸುತ್ತಾ ನೋಡಿ.

ಮತ್ತೆ ದಯವಿಟ್ಟು ಏರೇಟರನ್ನು ತಳಕ್ಕೆ ಇಳಿಸಬೇಡಿ. ಗುಳ್ಳೆಗಳು ಮೇಲೇರುವಾಗ ಆ ಕೆಟ್ಟ ನೀರನ್ನೇ ಎಳೆದುಕೊಂಡು ಬಂದು ಪಂಜರಕ್ಕೆ ತುಂಬುತ್ತವೆ.

ಜಾಕ್‌ವೆಲ್

ನಾನು ಮೀನಿನವನಲ್ಲ, ಒಂದು ಊರಿನ ಕುಡಿಯುವ ನೀರಿನ ಘಟಕದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ನೀರು ಬರುವುದೂ ಜಲಾಶಯದಿಂದಲೇ. ‘ಆಳದ ನೀರು’ ಅವರು ಹೇಳಿದ್ದನ್ನು ನಾವು ಪ್ರತಿ ಬೇಸಿಗೆಯಲ್ಲೂ ಕಣ್ಣಾರೆ ನೋಡುತ್ತೇವೆ.

ಲ್ಯಾಬ್‌ನಲ್ಲಿ ನೀರಿನ ಆಮ್ಲಜನಕ ಅಳೆಯುವ ವಿಂಕ್ಲರ್ ಪರೀಕ್ಷೆ ಮಾಡುವಾಗ ನೀರಿನ ಬಾಟಲಿಗೆ ಮೊದಲು ಮ್ಯಾಂಗನೀಸ್ ಸಲ್ಫೇಟ್ ಬಿಡುತ್ತೇವೆ, ಆಮೇಲೆ ಕ್ಷಾರ ಬೆರೆಸಿದ ಅಯೋಡೈಡ್. ಮುಚ್ಚಳ ಹಾಕಿ ತಿರುವಿದರೆ ಮೇಲ್ಗಡೆ ನೀರಿನ ಬಾಟಲಿಯಲ್ಲಿ ಕಂದು ಬಣ್ಣದ ಗಸಿ ಮೋಡದ ಹಾಗೆ ಕಟ್ಟಿಕೊಂಡು ನಿಧಾನಕ್ಕೆ ಇಳಿಯುತ್ತದೆ. ತಳದಿಂದ ತಂದ ಬಾಟಲಿಯಲ್ಲಿ ಅದೇ ಗಸಿ ಹಾಲು ಬಿಳುಪು. ಬಿಳಿ ಬಂತು ಅಂದರೆ ಆಮ್ಲಜನಕ ಇಲ್ಲ ಅಂತಲೇ ಅರ್ಥ, ಮುಂದೆ ಅಳೆಯುವುದೇ ಬೇಡ. ಒಂದೇ ಜಾಗದ ನೀರು, ಪಕ್ಕಪಕ್ಕ ಇಟ್ಟು ನೋಡಿದರೆ ನಂಬುವುದು ಕಷ್ಟವಾಗುತ್ತದೆ.

ಆಮ್ಲಜನಕ ಹೋದ ಕೂಡಲೇ ತಳದ ಹೂಳಿನಲ್ಲಿರುವ ಕಬ್ಬಿಣ, ಮ್ಯಾಂಗನೀಸ್ ಕರಗಿ ನೀರಿಗೆ ಬರುತ್ತವೆ. ರಂಜಕವೂ ಬಿಡುಗಡೆಯಾಗುತ್ತದೆ, ಅದು ಮತ್ತೆ ಪಾಚಿಗೆ ಗೊಬ್ಬರ. ನಾವು ಕೆಳಗಿನ ಗೇಟಿನಿಂದ ನೀರು ಎತ್ತಿದರೆ ಜನರ ಬಿಳಿ ಬಟ್ಟೆಗೆ ಕಲೆ, ನಲ್ಲಿಯಲ್ಲಿ ವಾಸನೆ, ಕ್ಲೋರಿನ್ ಎಷ್ಟು ಹಾಕಿದರೂ ಸಾಲದು. ಮೇಲಿನ ಗೇಟು ತೆಗೆದರೆ ಪಾಚಿ ಬಂದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ನಡುವಿನ ಗೇಟು. ನೀರು ಇಳಿದಂತೆ ಆ ನಡುವೂ ಇಳಿಯುತ್ತಾ ಹೋಗುತ್ತದೆ, ಅದನ್ನು ಹುಡುಕುವುದೇ ನಮ್ಮ ಮೇ ತಿಂಗಳ ಕೆಲಸ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಮೀನು ಸತ್ತ ಗಾಬರಿಯಲ್ಲಿ ಜಲಾಶಯಕ್ಕೆ ಸುಣ್ಣ, ಪೊಟ್ಯಾಸಿಯಂ ಪರ್ಮಾಂಗನೇಟ್ ಅಂತ ಏನೇನೋ ಸುರಿಯಬೇಡಿ. ಕೆಳಗೆ ನಮ್ಮಂಥ ಊರುಗಳು ಅದೇ ನೀರು ಕುಡಿಯುತ್ತವೆ.

ದೂರದ ಕನ್ನಡಿಗ

ಅಮೆರಿಕದ ಟೆನೆಸಿಯಲ್ಲಿದ್ದೇನೆ. ಇಲ್ಲಿನ ನಾರಿಸ್ ಡ್ಯಾಂ 1936ರದ್ದು. ಬೇಸಿಗೆಯಲ್ಲಿ ಅದರ ಆಳದಿಂದ ಟರ್ಬೈನ್‌ಗೆ ಹೋಗುತ್ತಿದ್ದ ನೀರು ತಣ್ಣಗಿದ್ದರೂ ಆಮ್ಲಜನಕ ಇರುತ್ತಿರಲಿಲ್ಲ, ಕೆಳಗಿನ ನದಿಗೆ ಕಷ್ಟವಾಗುತ್ತಿತ್ತು. 1990ರ ದಶಕದಲ್ಲಿ ತಾವೇ ಗಾಳಿ ಎಳೆದುಕೊಂಡು ನೀರಿಗೆ ಬೆರೆಸುವ ಟರ್ಬೈನ್ ಕೂರಿಸಿದರು. ಫ್ರೆಂಚ್ ಗಯಾನಾದ ಪೆಟಿ ಸೋ ಡ್ಯಾಂನಲ್ಲಿ 1994ರಲ್ಲಿ ನೀರು ತುಂಬಿಸಲು ಶುರು ಮಾಡಿದಾಗ ಮುಳುಗಿದ ಕಾಡು ಕೊಳೆತು ಇನ್ನೂ ಜೋರು ಸಮಸ್ಯೆ ಆಗಿತ್ತು. ಅಲ್ಲಿ ಡ್ಯಾಂ ಕೆಳಗೆ ನೀರು ಧುಮುಕಿ ಗಾಳಿ ಬೆರೆಯಲಿ ಅಂತಲೇ ಒಂದು ಅಡ್ಡಗಟ್ಟೆ ಕಟ್ಟಿದರು. ನಮ್ಮ ಡ್ಯಾಂಗಳಲ್ಲೂ ನೀರಿನ ಮಟ್ಟದ ಜೊತೆಗೆ ಆಳವಾರು ಉಷ್ಣಾಂಶ, ಆಮ್ಲಜನಕದ ಲೆಕ್ಕವನ್ನೂ ದಿನಾ ಜನರಿಗೆ ತಿಳಿಸಬೇಕು ಅಂತ ನನಗೆ ಬಹಳ ಆಸೆ. ಟಿಎಂಸಿ ಎಷ್ಟು ಅಂತ ಎಲ್ಲರಿಗೂ ಗೊತ್ತು, ಆ ನೀರು ಉಸಿರಾಡುತ್ತಿದೆಯಾ ಅಂತ ಯಾರಿಗೂ ಗೊತ್ತಿಲ್ಲ.

ಹಿನ್ನೀರು ದಡ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಉದ್ದ ವೈರಿನ ಮೀಟರ್ ಬಾಡಿಗೆಗೆ ತಂದು ಬೆಳಕು ಹರಿಯುವ ಮುಂಚೆ ನೋಡಿದೆವು, ಪಕ್ಕದ ಗುಂಪಿನವರನ್ನೂ ತೆಪ್ಪಕ್ಕೆ ಕರೆದುಕೊಂಡೇ ಹೋದೆವು. ಮೇಲೆ 29 ಡಿಗ್ರಿ, ಆಮ್ಲಜನಕ 3ರ ಹತ್ತಿರ. ಪಂಜರದ ತಳದಲ್ಲಿ ಒಂದೂವರೆ. ಇನ್ನೂ ಎರಡು ಮೀಟರ್ ಕೆಳಗೆ 27 ಡಿಗ್ರಿ, ಆಮ್ಲಜನಕ ಸೊನ್ನೆಗೆ ಹತ್ತಿರ. ಅಂಕಿ ಇಳಿಯುವುದನ್ನು ನೋಡಿದ ಮೇಲೆ ಹುಡುಗರು ಸುಮ್ಮನಾದರು. ಇಲಾಖೆಗೆ ಮೀನು, ನೀರು ಎರಡೂ ಕೊಟ್ಟಿದ್ದೇವೆ. ಈಗ ಉಳಿದ ಮೀನು ಉಳಿಸಿಕೊಳ್ಳುವುದು ಹೇಗೆ?

ಮರಿ ಸಾಕಣೆ

ಮಳೆ ಹಿಡಿದು ಹೊಸ ನೀರು ಬರುವ ತನಕ ಮೇವು ನಿಲ್ಲಿಸಿ. ತಿಂದ ಮೀನಿಗೆ ಆಮ್ಲಜನಕ ಜಾಸ್ತಿ ಬೇಕು, ಉಳಿದ ಮೇವು ತಳದಲ್ಲಿ ಕೊಳೆಯುತ್ತದೆ. ಮಾರುವ ಗಾತ್ರ ಬಂದಿರುವುದನ್ನು ಈಗಲೇ ಹಿಡಿದು ಮಾರಿ, ದರ ಸ್ವಲ್ಪ ಕಡಿಮೆಯಾದರೂ ಸರಿ. ಪಂಜರಕ್ಕೆ ಹಾಕಿರುವ ಸಂಖ್ಯೆ ಇಳಿಯಬೇಕು.

ಬಲೆಗೆ ಪಾಚಿ ಕಟ್ಟಿದ್ದರೆ ಉಜ್ಜಿ, ನೀರು ಆಡಲಿ. ಆದರೆ ಹಗಲು ಹೊತ್ತಿನಲ್ಲಿ ಮಾತ್ರ, ಬೆಳಿಗ್ಗೆ ಬೆಳಿಗ್ಗೆ ಮೀನಿಗೆ ಗಾಬರಿ ಮಾಡಬೇಡಿ. ಆಗುವುದಾದರೆ ಪಂಜರಗಳನ್ನು ಮೂಲೆಯಿಂದ ಬಿಡಿಸಿ ಗಾಳಿ ಸಿಗುವ, ತಳ ಇನ್ನೂ ಆಳ ಇರುವ ಕಡೆಗೆ ಎಳೆಯಿರಿ. ರಾತ್ರಿ ಎರಡರಿಂದ ಬಿಸಿಲು ಬರುವ ತನಕ ಒಬ್ಬರು ಅಲ್ಲಿರಬೇಕು. ಮೀನು ಮೇಲೆ ಬಂದರೆ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಅರ್ಧ ಮೀಟರಿಗಿಂತ ಕೆಳಗೆ ಹೋಗದ ಹಾಗೆ ಡ್ರಮ್ಮಿಗೆ ಕಟ್ಟಿ, ಮೇಲಿನ ನೀರನ್ನೇ ಎತ್ತಿ ಪಂಜರದ ಮೇಲೆ ಮಳೆಯ ಹಾಗೆ ಸಿಂಪಡಿಸಿ. ಪೈಪಿನ ಬಾಯಿಗೆ ತೂತು ಮಾಡಿದ ತಗಡು ಕಟ್ಟಿದರೆ ಹನಿ ಸಣ್ಣದಾಗುತ್ತದೆ.

ಸತ್ತ ಮೀನನ್ನು ನೀರಿಗೇ ಬಿಡಬೇಡಿ. ಎಲ್ಲವನ್ನೂ ಎತ್ತಿ, ನೀರು ಏರಿದರೂ ಮುಟ್ಟದ ಜಾಗದಲ್ಲಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಮೀಟರ್ ವಾಪಸ್ ಕೊಡುವ ಮುಂಚೆ ಪಕ್ಕದ ಗುಂಪಿನವರ ಜೊತೆ ಮಾತಾಡಿ, ಇಬ್ಬರೂ ದುಡ್ಡು ಹಾಕಿದರೆ ಸ್ವಂತದ್ದೇ ಒಂದು ಕೊಳ್ಳಬಹುದು.