ಎಂಜಿಬಿ ಕಾರಿನ ಎಂಜಿನ್ ನಂಬರ್ ದಾಖಲೆಗೆ ಹೊಂದುತ್ತಿಲ್ಲ, ಅಸಲಿ ಎಂಜಿನ್ ಪತ್ತೆ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನಿರೋದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇತ್ತೀಚೆಗೆ 1965ರ ಎಂಜಿಬಿ ರೋಡ್‌ಸ್ಟರ್ (ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು) ತೆಗೆದುಕೊಂಡೆ. ಮಾರಿದವರು "ಎಲ್ಲಾ ನಂಬರ್ ಮ್ಯಾಚ್ ಆಗುತ್ತೆ", ಅಂದರೆ ಕಾರ್ಖಾನೆಯಲ್ಲಿ ಹಾಕಿದ ಎಂಜಿನ್ನೇ ಇದೆ ಅಂದಿದ್ದರು. ವಿ5ಸಿಯಲ್ಲಿ (ಇಲ್ಲಿನ ವಾಹನ ನೋಂದಣಿ ಪತ್ರ) ಎಂಜಿನ್ ನಂಬರ್ 18ಜಿಬಿ ಎಂದು ಶುರುವಾಗುತ್ತದೆ. ಬಾನೆಟ್ ಎತ್ತಿ ನೋಡಿದರೆ ಎಂಜಿನ್ ಮೇಲಿನ ಪ್ಲೇಟ್‌ನಲ್ಲಿ 48ಜಿ ಎಂದಿದೆ. ಇದು ಬೇರೆ ಯಾವ ಕಾರಿನದು? ನನ್ನ ಕಾರಿನ ಮೊದಲಿನ ಎಂಜಿನ್ ಎಲ್ಲಾದರೂ ಸಿಗಬಹುದಾ?

ಉತ್ತರ: ನಮಸ್ಕಾರ. ಹಳೆ ಬ್ರಿಟಿಷ್ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

48ಜಿ ಅಂದರೆ ಅದು ಎಂಜಿ ಕಾರು ತಯಾರಿಸುತ್ತಿದ್ದ ಬಿಎಂಸಿ ಕಂಪನಿಯೇ ಕೊಡುತ್ತಿದ್ದ ಬದಲಿ ಎಂಜಿನ್. ಇದಕ್ಕೆ ಗೋಲ್ಡ್ ಸೀಲ್ ಅನ್ನುತ್ತಿದ್ದರು. ಎಂಜಿನ್ ಸವೆದಾಗ ಮಾಲೀಕರು ಡೀಲರ್ ಹತ್ತಿರ ಹೋಗಿ ಹಳೆಯದನ್ನು ಕೊಟ್ಟು, ರೀಕಂಡಿಷನ್ ಆದ ಇನ್ನೊಂದನ್ನು ಹಾಕಿಸಿಕೊಂಡು ಬರುತ್ತಿದ್ದರು. ಅಂದರೆ ಇದು ಕದ್ದ ಎಂಜಿನ್ನೂ ಅಲ್ಲ, ಗುಜರಿಯಿಂದ ತಂದದ್ದೂ ಅಲ್ಲ. ಒಮ್ಮೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಹಿಂದಿನ ಸಂದಿಯಲ್ಲಿ ಗ್ರೀಸ್ ಒರೆಸಿ, ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಆ ಕಾಲದ ಎಂಜಿಬಿ ಎಂಜಿನ್‌ಗೆ ಕಾರ್ಖಾನೆಯಲ್ಲಿ ಕಡುಗೆಂಪು ಬಣ್ಣ ಹೊಡೆಯುತ್ತಿದ್ದರು. ಗೋಲ್ಡ್ ಸೀಲ್ ಆಗಿದ್ದರೆ ಮೇಲಿನ ಪೇಂಟ್ ಕೆಳಗೆ ಚಿನ್ನದ ಬಣ್ಣ ಇಣುಕುತ್ತದೆ.

ನಿಮ್ಮ ಮೊದಲ ಎಂಜಿನ್ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಎಂಜಿಬಿಯಲ್ಲಿ ನಂಬರ್ ಇರುವುದು ಬ್ಲಾಕ್‌ನ (ಎಂಜಿನ್‌ನ ಮುಖ್ಯ ದೇಹ) ಬಲಬದಿಗೆ ರಿವೆಟ್ ಹೊಡೆದ ಒಂದು ಚಿಕ್ಕ ತಗಡಿನ ಮೇಲೆ. ಬ್ಲಾಕ್ ರೀಕಂಡಿಷನ್‌ಗೆ ಹೋದಾಗ ಹಳೆ ತಗಡು ಹೋಗಿ ಹೊಸ ನಂಬರ್ ಬಂತು. ಅದೇ ಬ್ಲಾಕ್ ಮುಂದೆ ಇನ್ಯಾರದೋ ಕಾರಿನಲ್ಲಿ 48ಜಿ ಆಗಿ ಕೂತಿರಬಹುದು, ಆದರೆ ಅದನ್ನು ಗುರುತಿಸೋಕೆ ದಾರಿಯೇ ಇಲ್ಲ. ಜಾಗ್ವಾರ್ ಇ-ಟೈಪ್‌ನಲ್ಲಾದರೆ ನಂಬರನ್ನು ಬ್ಲಾಕ್ ಮೇಲೇ ಕುಟ್ಟಿರುತ್ತಾರೆ, ಕಾರಿನಿಂದ ಬೇರೆಯಾದರೂ ಗುರುತು ಉಳಿಯುತ್ತದೆ.

ಇನ್ನು ದಾಖಲೆ. ವಿ5ಸಿಯನ್ನು ನಂಬಿ ತೀರ್ಮಾನ ಮಾಡಬೇಡಿ. ಅದರಲ್ಲಿರುವುದು ಮಾಲೀಕರು ತಿಳಿಸಿದ್ದು ಮಾತ್ರ. ವಾರಿಕ್‌ಶೈರ್‌ನ ಗೇಡನ್‌ನಲ್ಲಿ ಬ್ರಿಟಿಷ್ ಮೋಟರ್ ಮ್ಯೂಸಿಯಂ ಇದೆಯಲ್ಲ, ಅಲ್ಲಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಿ. ಷಾಸಿ ನಂಬರ್ ಕೊಟ್ಟರೆ ಕಾರ್ಖಾನೆಯ ದಾಖಲೆ ನೋಡಿ ಎಂಜಿನ್ ನಂಬರ್, ಬಣ್ಣ, ತಯಾರಾದ ದಿನ, ಯಾವ ಡೀಲರ್‌ಗೆ ಹೋಯಿತು ಎಂದೆಲ್ಲ ಬರೆದುಕೊಡುತ್ತಾರೆ. ಅದರಲ್ಲಿನ 18ಜಿಬಿ ನಂಬರ್ ವಿ5ಸಿಗೆ ತಾಳೆಯಾದರೆ ಕಥೆ ಸ್ಪಷ್ಟ: ಎಂಜಿನ್ ಬದಲಾಗಿದೆ, ಡಿವಿಎಲ್‌ಎಗೆ (ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ) ಯಾರೂ ಹೇಳಿಲ್ಲ. ಈಗ ನೀವು ಸರಿಪಡಿಸಬಹುದು. ನೀವು ಕೊಳ್ಳುವ ಮೊದಲೇ ಎಂಜಿನ್ ಬದಲಾಗಿತ್ತು ಎಂದು ಗ್ಯಾರೇಜ್‌ನವರ ಲೆಟರ್‌ಹೆಡ್‌ನಲ್ಲಿ ಬರೆಸಿ, ವಿ5ಸಿ ಜೊತೆ ಕಳಿಸಿ. ಕಾರಿನ ಜೊತೆ ಹಳೆ ಬಿಲ್ಲುಗಳ ಫೈಲ್ ಬಂದಿದ್ದರೆ ಒಂದೊಂದೇ ಹಾಳೆ ತಿರುವಿ ನೋಡಿ. ಗೋಲ್ಡ್ ಸೀಲ್ ಹಾಕಿಸಿದ ಡೀಲರ್ ಬಿಲ್ ಸಿಕ್ಕರೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು ವಿಷಯ. ಖಾಲಿ ಪ್ಲೇಟ್ ಅಂಗಡಿಯಲ್ಲಿ ಸಿಗುತ್ತಂತೆ. ಸರ್ಟಿಫಿಕೇಟ್‌ನ ನಂಬರನ್ನೇ ಅದರ ಮೇಲೆ ಹೊಡೆಸಿ ಹಾಕಿದರೆ ಎಲ್ಲ ಸರಿಹೋಗುತ್ತೆ, ಅಲ್ವಾ?

ಉತ್ತರ: ದಯವಿಟ್ಟು ಬೇಡ. ಆ ನಂಬರ್ ಬೇರೆ ಬ್ಲಾಕ್‌ನದು. ನಿಮಗೆ ಹೇಳಿದ ಸುಳ್ಳನ್ನೇ ನೀವು ಮುಂದಿನವರಿಗೆ ಹೇಳಿದಂತಾಗುತ್ತದೆ, ಹಾಗೆ ಹೇಳಿ ಮಾರಿದರೆ ಅದು ವಂಚನೆ. ಗೊತ್ತಿರುವವರು ಕಂಡುಹಿಡಿದೇ ಹಿಡಿಯುತ್ತಾರೆ. ನಾನು ಮೊದಲು ನೋಡುವುದು ರಿವೆಟ್. ಹಳೆಯದರ ತಲೆ ಗುಂಡಗೆ, ತುಂಬಿಕೊಂಡಿರುತ್ತದೆ. ಈಗಿನ ಪಾಪ್ ರಿವೆಟ್ ಆದರೆ ನಡುವೆ ತೂತು ಕಾಣುತ್ತದೆ. ಆ 48ಜಿ ಪ್ಲೇಟ್ ಹಾಗೇ ಇರಲಿ, ಅದೂ ನಿಮ್ಮ ಕಾರಿನ ಚರಿತ್ರೆಯೇ.

ಬೆಲೆ ಬಗ್ಗೆ ಜಾಸ್ತಿ ಚಿಂತೆ ಬೇಡ. ಎಂಜಿಬಿ 5 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಇದನ್ನು ಕೊಳ್ಳುವವರು ಎಂಜಿನ್ ನಂಬರ್‌ಗಿಂತ ಮೊದಲು ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದಿದೆಯಾ ಅಂತ ನೋಡುತ್ತಾರೆ. ಆದರೆ ನಂಬರ್ ಮ್ಯಾಚ್ ಎಂದು ಹೇಳಿ ಜಾಸ್ತಿ ದುಡ್ಡು ತೆಗೆದುಕೊಂಡಿದ್ದರೆ, ಜಾಹೀರಾತು ಮತ್ತು ಮೆಸೇಜ್‌ಗಳನ್ನು ತೆಗೆದಿಟ್ಟುಕೊಂಡು ಮಾರಿದವರನ್ನು ನೇರವಾಗಿ ಕೇಳಿ.

ಇನ್ನೊಬ್ಬರ ಪ್ರಶ್ನೆ: ನನ್ನ ಎಂಜಿಬಿ 1967ರದು. ಪ್ಲೇಟ್‌ನಲ್ಲಿ 18ವಿ ಇದೆ. ಅಸಲಿ ಇರಬಹುದಾ?

ಉತ್ತರ: ಇಲ್ಲ. 18ವಿ ಬಂದಿದ್ದೇ 1971ರಿಂದ. ಮೊದಲು 18ಜಿ, 1964ರ ಫೆಬ್ರವರಿಯಲ್ಲಿ 18ಜಿಎ, ಅದೇ ಅಕ್ಟೋಬರ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್‌ಗೆ (ಎಂಜಿನ್ನಿನ ತಿರುಗುವ ದಂಡ) ಐದು ಬೇರಿಂಗ್ ಇರುವ 18ಜಿಬಿ. ಅದಕ್ಕಿಂತ ಹಿಂದಿನವು ಮೂರು ಬೇರಿಂಗ್‌ನವು. ನಿಮ್ಮದು ಆಮೇಲೆ ಹಾಕಿದ ಎಂಜಿನ್. ಮಾರಿಸ್ ಮರೀನಾದ 1.8 ಎಂಜಿನ್‌ಗೂ 18ವಿ ಎಂದೇ ಇರುತ್ತದೆ, ಹಾಗಾಗಿ ನಂಬರ್ ಪೂರ್ತಿ ಬರೆದು ಕಳಿಸಿ, ನೋಡಿ ಹೇಳುತ್ತೇನೆ.

ಬೆಂಗಳೂರಿನಿಂದ: ಸರ್, ನಮ್ಮ ತಾತನ ಹಳೆ ಎಂಜಿ ಟಿಸಿ ಕಾರು ಮನೆಯಲ್ಲಿದೆ. ಷಾಸಿ ನಂಬರ್‌ಗೂ ಎಂಜಿನ್ ನಂಬರ್‌ಗೂ ಸಂಬಂಧವೇ ಇಲ್ಲ. ಏನೋ ಎಡವಟ್ಟಾಗಿದೆಯಾ?

ಉತ್ತರ: ಇಲ್ಲ, ಅವು ಒಂದೇ ಇರಬೇಕಾಗಿಲ್ಲ. ಟಿಸಿಯ ಷಾಸಿ ನಂಬರ್ 0251ರಿಂದ ಶುರು, ಯಾಕಂದ್ರೆ ಎಂಜಿಯ ಅಬಿಂಗ್ಡನ್ ಕಾರ್ಖಾನೆಯ ಫೋನ್ ನಂಬರ್ ಆಗ 251. ಎಂಜಿನ್‌ಗೆ ಎಕ್ಸ್‌ಪಿಎಜಿ ಎಂದು ಬೇರೆಯೇ ಸಾಲು. ಎಂಟು ಮೂಲೆಯ ಪ್ಲೇಟ್ ಮೇಲಿನ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ಅದಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ ಆರ್‌ಸಿಯಲ್ಲಿನ ತಪ್ಪನ್ನು ಮೊದಲೇ ಆರ್‌ಟಿಒದಲ್ಲಿ ತಿದ್ದಿಸಿಕೊಳ್ಳಿ. ಪ್ಲೇಟ್‌ನ ಫೋಟೋ ಹಾಕುವಾಗ ರಿವೆಟ್ ಎರಡೂ ಕಾಣುವ ಹಾಗೆ ತೆಗೆಯಿರಿ.