ಗಾಳಿ ಜೋರಾದಾಗ 18.7 ಎಚ್ ಚಾನೆಲ್‌ನಲ್ಲಿ ಬಯಾಸ್: ನೊರೆಯೋ, ಮೋಡವೋ?

ಪ್ರಶ್ನೆ
ಎಎಂಎಸ್‌ಆರ್2 (ಉಪಗ್ರಹದ ಮೈಕ್ರೋವೇವ್ ಮಾಪಕ) ಅಳತೆಗಳನ್ನು ಆರ್‌ಟಿಟಿಒವಿ (ವಿಕಿರಣ ಲೆಕ್ಕಹಾಕುವ ತಂತ್ರಾಂಶ), ಅದರೊಳಗಿನ ಸಮುದ್ರ ಮೇಲ್ಮೈ ಮಾದರಿ ಫಾಸ್ಟೆಮ್-6 ಲೆಕ್ಕದ ಜತೆ ಹೋಲಿಸುತ್ತಿದ್ದೇನೆ. ತೆರೆದ ಸಮುದ್ರದಲ್ಲಿ ಗಾಳಿ 12 ಮೀ/ಸೆ ದಾಟಿದರೆ 18.7 ಗಿಗಾಹರ್ಟ್ಸ್ ಎಚ್‌ನಲ್ಲಿ (ಎಚ್ ಎಂದರೆ ಅಡ್ಡ ಧ್ರುವೀಕರಣ, ವಿ ಎಂದರೆ ಲಂಬ) ಅಳತೆ ಮಾದರಿಗಿಂತ ಬಿಸಿಯಾಗುತ್ತಾ ಹೋಗುತ್ತದೆ. ನೊರೆಯ ಸೂತ್ರ ಬದಲಿಸಬೇಕೇ? ಇಲ್ಲವೇ ಬಯಾಸ್ (ಒಂದೇ ಬದಿಗೆ ವಾಲುವ ವ್ಯತ್ಯಾಸ) ತಿದ್ದುಪಡಿಗೆ ಗಾಳಿಯ ವೇಗವನ್ನೇ ಪ್ರೆಡಿಕ್ಟರ್ (ತಿದ್ದುಪಡಿ ಲೆಕ್ಕಹಾಕುವ ಆಧಾರ) ಮಾಡಿದರೆ ಸಾಕೇ?

ಉತ್ತರ 1
ಗಾಳಿಯನ್ನು ಪ್ರೆಡಿಕ್ಟರ್ ಮಾಡಲೇಬೇಡಿ. ಈ ಚಾನೆಲ್ ಗಾಳಿಯ ಬಗ್ಗೆ ಹೇಳುವುದನ್ನೆಲ್ಲ ಬಯಾಸ್ ತಿದ್ದುಪಡಿಯೇ ನುಂಗಿಬಿಡುತ್ತದೆ.

ಮೊದಲು ಮೂರು ಕಾರಣಗಳನ್ನು ಬೇರ್ಪಡಿಸಿ. ಮೋಡದ ನೀರಾದರೆ ವ್ಯತ್ಯಾಸ ಆವರ್ತನದ ಜತೆ ಏರಬೇಕು: 36.5ರಲ್ಲಿ ಹೆಚ್ಚು, 10.65ರಲ್ಲಿ ತೀರಾ ಕಡಿಮೆ. ನೊರೆಯಾದರೆ ವಿ, ಎಚ್ ಎರಡೂ ಬಿಸಿಯಾಗುತ್ತವೆ, ಎಚ್ ಹೆಚ್ಚು. ಅಲೆಗಳ ಒರಟುತನವಾದರೆ ಈ ಮಾಪಕದ 55° ನೋಟದ ಕೋನದಲ್ಲಿ ಎಚ್ ಮಾತ್ರ ಏರಿ ವಿ ಹೆಚ್ಚುಕಡಿಮೆ ಅಲುಗುವುದಿಲ್ಲ.

ನೊರೆಯ ಸೂತ್ರ ಎಷ್ಟು ಸೂಕ್ಷ್ಮ ಎಂಬುದಕ್ಕೆ ಲೆಕ್ಕ ನೋಡಿ. ಮೊನಹನ್ ಮತ್ತು ಓ'ಮುರ್ಹರ್ಟಿಯವರ 1986ರ ಸೂತ್ರದಲ್ಲಿ ನೊರೆಯ ಪಾಲು 1.95×10⁻⁵×U^2.55 (U ಎಂದರೆ ಮೀ/ಸೆ ಲೆಕ್ಕದಲ್ಲಿ ಗಾಳಿಯ ವೇಗ). 10 ಮೀ/ಸೆಗೆ 0.7%, 18ಕ್ಕೆ 3.1%, 20ಕ್ಕೆ 4%. ಎಚ್‌ನಲ್ಲಿ ಬರಿನೀರಿನ ಎಮಿಸಿವಿಟಿ (ವಿಕಿರಣ ಹೊರಸೂಸುವ ಪ್ರಮಾಣ) 0.27, ನೊರೆಯದು 0.85 ಎಂದಿಟ್ಟರೆ, 290 ಕೆಲ್ವಿನ್ ನೀರಿನಲ್ಲಿ 20 ಮೀ/ಸೆ ಗಾಳಿಗೆ ಸುಮಾರು 7 ಕೆಲ್ವಿನ್ ಸೇರುತ್ತದೆ. ಗಾಳಿ 2 ಮೀ/ಸೆ ತಪ್ಪಿದರೆ ಅದರ ಕಾಲುಭಾಗ ಹೋಯಿತು. ಹಾಗಾಗಿ ನೊರೆಯನ್ನು ದೂರುವ ಮುನ್ನ ಗಾಳಿಯನ್ನು ಪರೀಕ್ಷಿಸಿ.

ಮೋಡ ಸೋಸುವಾಗ ಬರೀ ಅಳತೆಯನ್ನು ನಂಬಿದರೆ ಆಯ್ಕೆಯೇ ಒಂದು ಬದಿಗೆ ವಾಲುತ್ತದೆ. ಅಳತೆ ಮತ್ತು ಮಾದರಿಯ ಮೋಡಗಳ ಸರಾಸರಿ ಬಳಸಿ.

ಪ್ರಶ್ನೆ ಕೇಳಿದವರು
10.65 ಎಚ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ, ವಿ ಸರಾಸರಿ ಸೊನ್ನೆಯ ಹತ್ತಿರ. ಆದರೆ ವಾಣಿಜ್ಯ ಮಾರುತಗಳ ವಲಯದಲ್ಲಿ ಆರೋಹಣ, ಅವರೋಹಣ ಪಥಗಳ (ಉಪಗ್ರಹ ಉತ್ತರಕ್ಕೆ, ದಕ್ಷಿಣಕ್ಕೆ ಸಾಗುವವು) ನಡುವೆ ವಿ ಬೇರೆಬೇರೆ ಬರುತ್ತಿದೆ.

ಉತ್ತರ 2
ಇವು ಎರಡು ಬೇರೆ ಸಮಸ್ಯೆಗಳು.

ಪಥಗಳ ವ್ಯತ್ಯಾಸ ದಿಕ್ಕಿನದು. ಗಾಳಿಗೂ ನೋಟಕ್ಕೂ ಇರುವ ಕೋನದ ಮೊದಲ ಹಾರ್ಮೋನಿಕ್ (ಒಂದು ಸುತ್ತಿಗೆ ಒಮ್ಮೆ ಏರಿಳಿಯುವ ಭಾಗ) ವಿಯಲ್ಲಿ ಪ್ರಬಲ, ಎಚ್‌ನಲ್ಲಿ ಎರಡನೆಯದು (ಸುತ್ತಿಗೆ ಎರಡು ಸಲ ಏರಿಳಿಯುವುದು). ದಿಕ್ಕು 180° ತಿರುಗಿದರೆ ಎರಡನೆಯದು ಬದಲಾಗದು, ಮೊದಲನೆಯದರ ಚಿಹ್ನೆ ತಲೆಕೆಳಗಾಗುತ್ತದೆ. ನಿಮ್ಮ ಕಡತದ ಅಜಿಮತ್ (ನೋಟದ ದಿಕ್ಕಿನ ಕೋನ) ಉಪಗ್ರಹದಿಂದ ಪಿಕ್ಸೆಲ್‌ನತ್ತಲೋ, ಪಿಕ್ಸೆಲ್‌ನಿಂದ ಉಪಗ್ರಹದತ್ತಲೋ ನೋಡಿ. 180° ಕೂಡಿಸಿ ಮತ್ತೆ ಓಡಿಸಿದರೆ ಗೊತ್ತಾಗುತ್ತದೆ. ಜಾಗತಿಕ ಸರಾಸರಿಯಲ್ಲಿ ಇದು ಬಹುಪಾಲು ಅಳಿಸಿಹೋಗುವುದರಿಂದಲೇ ಕಣ್ಣಿಗೆ ಬೀಳುವುದಿಲ್ಲ.

ಎಚ್‌ನ ಏರಿಕೆ ಬಹುಪಾಲು ಗಾಳಿಯ ವೇಗದ್ದೇ. ಒರಟುತನ ನಿರ್ಧರಿಸುವುದು ಗಾಳಿ ನೀರಿನ ಮೇಲ್ಮೈಯನ್ನು ಎಳೆಯುವ ಬಲ (ಸ್ಟ್ರೆಸ್). ಅದಕ್ಕೆ ಹತ್ತಿರವಾದದ್ದು 10 ಮೀಟರಿನ ನ್ಯೂಟ್ರಲ್ ಗಾಳಿ (ಗಾಳಿ-ನೀರಿನ ತಾಪ ವ್ಯತ್ಯಾಸದ ಪ್ರಭಾವ ಇಲ್ಲದಿದ್ದರೆ ಅದೇ ಬಲಕ್ಕೆ ಬೇಕಾಗುವ ವೇಗ). ಬೆಚ್ಚಗಿನ ನೀರಿನ ಮೇಲೆ ತಣ್ಣನೆ ಗಾಳಿ ಬೀಸುವಲ್ಲಿ ಇದು ನಿಜ ಗಾಳಿಗಿಂತ ಹೆಚ್ಚಿರುತ್ತದೆ. ಅಲ್ಲಿ ನಿಜ ಗಾಳಿ ಕೊಟ್ಟರೆ ಮಾದರಿ ತಂಪಾಗಿಯೇ ಉಳಿಯುತ್ತದೆ. ಗಾಳಿ-ನೀರಿನ ತಾಪ ವ್ಯತ್ಯಾಸದ ಪ್ರಕಾರ ಬಯಾಸ್ ವಿಂಗಡಿಸಿ, ಆಸ್ಕಾಟ್ (ಉಪಗ್ರಹದ ರೇಡಾರ್) ಅಳೆದ ಗಾಳಿಯ ಜತೆಗೂ ಹೋಲಿಸಿ.

ಉತ್ತರ 3
10.65ರ ಪಿಕ್ಸೆಲ್ 24×42 ಕಿಮೀ. ಅದರಲ್ಲಿ 1% ನೆಲ ಸೇರಿದರೂ ಎಚ್‌ನಲ್ಲಿ ಒಂದೂವರೆ ಕೆಲ್ವಿನ್ ಮೀರುತ್ತದೆ. ಕರಾವಳಿ, ದ್ವೀಪಗಳಿಂದ ಕನಿಷ್ಠ 100 ಕಿಮೀ ಬಿಡಿ. ಇಷ್ಟಾದ ಮೇಲೂ 15 ಮೀ/ಸೆ ಮೇಲೆ ಏರಿಕೆ ಉಳಿದರೆ ಅದೇ ಪಿಕ್ಸೆಲ್‌ಗಳನ್ನು ಇನ್ನೊಂದು ಸಮುದ್ರ ಮೇಲ್ಮೈ ಮಾದರಿಯಾದ ಸರ್ಫೆಮ್-ಓಷನ್‌ನಲ್ಲಿ ಓಡಿಸಿ. ಅದು ಪಾರ್ಮಿಯೋ ಮಾದರಿಯ ಮೇಲೆ ತರಬೇತಾದ ನ್ಯೂರಲ್ ನೆಟ್‌ವರ್ಕ್. ಫಾಸ್ಟೆಮ್-6, ಸರ್ಫೆಮ್-ಓಷನ್ ಎರಡರ ವ್ಯತ್ಯಾಸ ಗಾಳಿಯ ಜತೆ ಹೇಗೆ ಬೆಳೆಯುತ್ತದೆ ಎಂಬ ಗ್ರಾಫ್ ಹಾಕಿ, ನೊರೆಯ ಸೂತ್ರವನ್ನು ಮುಟ್ಟಬೇಕೇ ಎಂಬುದನ್ನು ಆಮೇಲೆ ನೋಡೋಣ.